ಬೂಂಡಾಕ್ಸ್ ಅಂದರೆ ಬೆಟ್ಟ

ಆಗ ನನಗೆ ಅರವತ್ತಾರು. ಐದು ವರ್ಷದ ಹಿಂದಿನ ಮಾತು. ಮಡಿಕೇರಿ ಸಂತೆ ಮುಗಿಸಿ ಗಾಳಿಬೀಡಿನ ಬಸ್ಸಿನಲ್ಲಿ ಬರುತ್ತಿದ್ದೆ. ನಮ್ಮ ತಿರುವಿನಲ್ಲಿ ಹೊಸ ಕಂಡಕ್ಟರು, "ಯಾರ್ರೀ ಬೂಂಡಾಕ್ಸ್? ಇಳೀರಿ!" ಎಂದು ಕೂಗಿದ. ನನಗಲ್ಲ ಎಂದು ಕೂತೇ ಇದ್ದೆ. ಬಸ್ಸು ಹೊರಟಿತು. ಕಿರುಚಿ ನಿಲ್ಲಿಸಿ ಇಳಿದು, ಒಣಮೀನಿನ ಚೀಲ ಹೊತ್ತು ಹಿಂದಕ್ಕೆ ನಡೆದೆ.

ಆ ತಿರುವಿಗೆ ಇದ್ದದ್ದು ನಮ್ಮ ಮನೆಯ ಹೆಸರು. ನಮ್ಮಲ್ಲಿ ಮನೆ ಹೆಸರು ಮೊದಲು, ಮನುಷ್ಯನ ಹೆಸರು ಆಮೇಲೆ. ಬಸ್ಸಿನವರು, ಪೋಸ್ಟಿನವರು, ಮೀನಿನವನು, ಎಲ್ಲರೂ ಆ ಹೆಸರು ಹೇಳಿಯೇ ಅಲ್ಲಿ ನಿಲ್ಲುತ್ತಿದ್ದರು. ಗಂಡ ಸತ್ತ. ಮಕ್ಕಳಾಗಲಿಲ್ಲ. ಹೆಸರು ಹೊತ್ತವಳು ಉಳಿದದ್ದು ನಾನೊಬ್ಬಳೇ. ನಾನು ಹೋದ ಮೇಲೆ ಅದು ಉಳಿಯುವುದಿದ್ದರೆ ಆ ತಿರುವಿನಲ್ಲಿ ಮಾತ್ರ.

ಪಕ್ಕದ ತೋಟದ ಹುಡುಗ ಹೋಂಸ್ಟೇ ತೆರೆದಿದ್ದ. ಅಲ್ಲಿ ಅಡುಗೆ ನನ್ನದು. ಬೋರ್ಡು ಹಾಕಲು ನಮ್ಮ ಗೇಟಿನ ಕಂಬ ಕೇಳಿದ್ದ, ಹೂಂ ಅಂದಿದ್ದೆ. ಈಗ ನೋಡಿದರೆ, ನಾನು ಸಂತೆಗೆ ಹೋದ ಹೊತ್ತಿನಲ್ಲಿ ನಮ್ಮ ಮನೆ ಹೆಸರಿನ ಹಲಗೆಯ ಮೇಲೆಯೇ ದೊಡ್ಡ ತಗಡು ಹೊಡೆದಿದ್ದಾನೆ. ಇಂಗ್ಲಿಷ್ ಅಕ್ಷರ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡ. ಕಂಡಕ್ಟರು ಕೂಗಿದ್ದು ಇದನ್ನೇ ಇರಬೇಕು.

ಸಂಜೆ ಅವನ ಅಡುಗೆಮನೆಗೆ ಹೋದವಳೇ ಕೇಳಿದೆ. "ಎಂತ ಮಾರಾಯ ಅದು, ಬೂಂಡಾಕ್ಸ್ ಅಂದ್ರೆ?"

"ಅಮೆರಿಕದವರ ಮಾತು ಅಜ್ಜಿ. ಯಾರೂ ಇಲ್ಲದ ಕಾಡುಮೂಲೆ ಅಂತ. ಗೆಸ್ಟುಗಳಿಗೆ ಅದೇ ಬೇಕು."

"ಯಾರೂ ಇಲ್ವಾ? ಹಾಗಾದ್ರೆ ನಿಂಗೆ ಕಡುಬು ಬೇಯಿಸಿ ಹಾಕೋದು ದೆವ್ವವಾ?"

ಊಟಕ್ಕೆ ಕೂತಿದ್ದ ಗೆಸ್ಟು ಹುಡುಗಿ ನಕ್ಕಳು. ಫಿಲಿಪ್ಪೀನ್ಸಿನಲ್ಲಿ ಡಾಕ್ಟರಿಕೆ ಓದುವವಳು, ಮೈಸೂರು ಕಡೆಯವಳು.

"ಮಾತು ಅಮೆರಿಕದವರದ್ದಲ್ಲ ಅಜ್ಜಿ, ನಾನು ಓದೋ ದೇಶದ್ದು. ಅಲ್ಲಿಯವರು ಬೆಟ್ಟಕ್ಕೆ ಬುಂಡೋಕ್ ಅಂತಾರೆ, ಅಷ್ಟೇ. ನೂರು ವರ್ಷಕ್ಕೂ ಹಿಂದೆ ಅಮೆರಿಕದ ಸೈನಿಕರು ಆ ದೇಶ ಹಿಡಿಯೋಕೆ ಹೋಗಿ ಬೆಟ್ಟದಲ್ಲಿ ಒದ್ದಾಡಿದರು. ವಾಪಸ್ ಹೋಗುವಾಗ ಮಾತನ್ನೂ ತಗೊಂಡು ಹೋದರು. ಅವರ ಬಾಯಲ್ಲಿ ಅದು ಹಾಳು ಮೂಲೆ ಆಯ್ತು."

"ಆ ಬೆಟ್ಟದಲ್ಲಿದ್ದವರು?"

"ಇದ್ದಾರಲ್ಲ. ಈಗಲೂ ಬೆಟ್ಟ ಅಂತಲೇ ಅಂತಾರೆ."

ನನಗೆ ಮೈ ಉರಿಯಿತು. ಗದ್ದೆ ಮಾಡಿ, ಮಕ್ಕಳನ್ನು ಹೆತ್ತು, ಸತ್ತವರನ್ನು ಮಣ್ಣು ಮಾಡಿದ ಬೆಟ್ಟ ಅವರದ್ದು. ಬಂದೂಕು ಹಿಡಿದು ಬಂದವನಿಗೆ ದಾರಿ ತಿಳಿಯಲಿಲ್ಲ. ಅದಕ್ಕೆ ಅದು ಯಾರೂ ಇಲ್ಲದ ಜಾಗವಂತೆ. ದಾರಿ ತಪ್ಪಿದವನ ಬೈಗುಳವನ್ನು ಇಲ್ಲೇ ಹುಟ್ಟಿದ ಇವನು ನನ್ನ ಗೇಟಿಗೆ ಹೊಡೆದಿದ್ದಾನೆ!

"ತಗಡು ತೆಗಿ," ಅಂದೆ.

"ಫೋನಿನ ಮ್ಯಾಪಲ್ಲೂ ಅದೇ ಹೆಸರು ಬಂದಾಯ್ತು ಅಜ್ಜಿ. ನಿಮ್ಮನೆ ಹೆಸರು ಈಗ ಯಾರು ಕೇಳ್ತಾರೆ?"

"ಹಾಗಾದ್ರೆ ನಾಳೆ ರೊಟ್ಟಿ ತಟ್ಟೋಕೂ ಮ್ಯಾಪಿಗೇ ಹೇಳು." ಸೌಟು ಅಲ್ಲೇ ಬಿಟ್ಟು ಬಂದೆ.

ಮರುದಿನ ಬೆಳಿಗ್ಗೆ ಎದ್ದವಳೇ ಹಾರೆಯಿಂದ ಮೊಳೆ ಎಬ್ಬಿಸಿ ತಗಡು ಇಳಿಸಿದೆ. ಅಡಿಯಲ್ಲಿದ್ದ ನಮ್ಮ ಹಲಗೆ ಹೆಸರಿನ ನಡುವೆಯೇ ಸೀಳಿತ್ತು. ತಂತಿ ಸುತ್ತಿ ಬಿಗಿದೆ. ತಗಡನ್ನು ಹಂದಿಗೂಡಿನ ಮೇಲೆ ಹೊದೆಸಿ ಕಲ್ಲಿಟ್ಟೆ. ಮೊದಲ ಬಸ್ಸು ಬಂದಾಗ ಅಡ್ಡ ನಿಂತು, ಅದೇ ಕಂಡಕ್ಟರನಿಗೆ ಹಲಗೆ ತೋರಿಸಿ ಓದು ಎಂದೆ. ಮೆಲ್ಲಗೆ ಓದಿದ. ಗಟ್ಟಿಯಾಗಿ ಕೂಗಿಸಿದ ಮೇಲೆಯೇ ದಾರಿ ಬಿಟ್ಟೆ.