ಅಜ್ಜಿಗಿಂತ ಮೊದಲು ತಾನೇ ತೊಟ್ಟು ನೋಡುವ ಶಿವಕಾಂತಾ

ಫೆಬ್ರವರಿ ತಿಂಗಳ ಒಂದು ಗುರುವಾರ, ಬೆಳಗಿನ ಐದು ಗಂಟೆ. ಪುಣೆಯ ಚಂದನನಗರದ ನಳದ ಮುಂದೆ ಆಗಲೇ ಕೊಡಗಳ ಸಾಲು. ಎರಡು ಕೊಡ ತುಂಬಿಕೊಂಡು ಹೊರಟ ಶಿವಕಾಂತಾ ಅವರ ನಡಿಗೆಯಲ್ಲಿ ಇವತ್ತು ಏನೋ ಹೆಚ್ಚುಕಡಿಮೆ ಇದೆ. ಹತ್ತು ಹೆಜ್ಜೆ ನಡೆಯುತ್ತಾರೆ. ಕೊಡ ಇಳಿಸಿ ಕುಕ್ಕರುಗಾಲಲ್ಲಿ ಕೂರುತ್ತಾರೆ. ಏಳುತ್ತಾರೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿ ನೋಡುತ್ತಾರೆ, ಮತ್ತೆ ಕೊಡ ಎತ್ತುತ್ತಾರೆ. ಸೀರೆಯೊಳಗೆ ಅವರು ತೊಟ್ಟಿರುವುದು ಮೂತ್ರ ನಿಲ್ಲದ ಹಿರಿಯರಿಗೆಂದು ಔಷಧದಂಗಡಿಯಲ್ಲಿ ಮಾರುವ ಚಡ್ಡಿ. ಬರೀ ತೊಟ್ಟದ್ದಾದರೆ ಸರಿ, ಮನೆ ಬಿಡುವ ಮುಂಚೆ ಅದರೊಳಗೆ ಒಂದು ಲೋಟ ಬೆಚ್ಚನೆ ನೀರನ್ನೂ ಸುರಿದುಕೊಂಡಿದ್ದಾರೆ.

"ಹುಚ್ಚ ಹಿಡದದೇನ ನಿನಗ?" ಎಂದು ಹೊಸ್ತಿಲಲ್ಲಿ ಹಲ್ಲುಜ್ಜುತ್ತಾ ಕೂತ ಗಂಡ ಅಂಬಾದಾಸ ಕೇಳುತ್ತಾರೆ.

"ಸುಮ್ಕಿರ್ರಿ, ಇನ್ನೊಂದು ಸುತ್ತ ಹೋಗಿ ಬರ್ತೀನಿ. ಒಂದ ಹನಿ ಸೋರವಲ್ದು ನೋಡ್ರಿ! ತೊಡಿಗೆ ಒತ್ತವಲ್ದು! ಇದ ಅದ, ನಮ್ಮ ಅಜ್ಜಿಗೆ ಬೇಕಾದ್ದು ಇದ!"

ಮೂವತ್ತೆಂಟರ ಶಿವಕಾಂತಾ ಮುಖದಲ್ಲಿ ಆಗ ಕಾಣುವ ಗೆಲುವನ್ನು ನೋಡಿಯೇ ನಂಬಬೇಕು. ಇದು ಅವರ ಮೂರನೇ ಪರೀಕ್ಷೆ. ಮೊನ್ನೆ ಸಂಜೆ ಅಂಟುಪಟ್ಟಿಯ ಡಯಾಪರು, ನಿನ್ನೆ ಸೊಂಟಕ್ಕೆ ಪಟ್ಟಿ ಬಿಗಿಯುವ ಪ್ಯಾಡು. ಇವತ್ತು ಕ್ಯಾಂಪ್ ಪೇಟೆಯ ಔಷಧದಂಗಡಿಯವನು ಮೇಲಿನ ಹಲಗೆಯಿಂದ ಧೂಳು ಕೊಡವಿ ತೆಗೆದುಕೊಟ್ಟ, ಮಾಮೂಲಿ ಚಡ್ಡಿಯಂತೆ ಏರಿಸಿಕೊಳ್ಳುವ ಬಗೆ. ಯಾರೂ ಕೇಳುವುದಿಲ್ಲವೆಂದು ಅವನೇ ಮರೆತಿದ್ದನಂತೆ.

ಭಾಲ್ಕಿ ತಾಲೂಕಿನ ಹಳ್ಳಿಯಿಂದ ಇವರು ಪುಣೆಗೆ ಬಂದದ್ದು ತೊಂಬತ್ತಮೂರರಲ್ಲಿ. ಗಂಡ ಗಾರೆ ಕೆಲಸಕ್ಕೆ, ಹೆಂಡತಿ ಇಟ್ಟಿಗೆ ಹೊರಲಿಕ್ಕೆ. ಐದು ವರ್ಷ ಹೊತ್ತ ಮೇಲೆ ಬೆನ್ನು ಮಾತು ಕೇಳದಾಯಿತು. ಅದೇ ಹೊತ್ತಿಗೆ ಕಟ್ಟಡದ ಇಂಜಿನಿಯರರ ತಾಯಿ ಹಾಸಿಗೆ ಹಿಡಿದಿದ್ದರು. ನಾಲ್ಕು ದಿನದ ಮಟ್ಟಿಗೆ ಅವರ ಬಳಿ ಕೂರಲು ಹೋದವರು ಎರಡು ವರ್ಷ ಉಳಿದರು. ಅಲ್ಲಿಂದೀಚೆಗೆ ಎಂಟು ವರ್ಷದಲ್ಲಿ ಹನ್ನೊಂದು ಅಜ್ಜಿಯರು, ಅವರಲ್ಲಿ ಏಳು ಮಂದಿ ಮರೆವಿನ ಕಾಯಿಲೆಯವರು. ದಿನಕ್ಕೆ ಹನ್ನೆರಡು ತಾಸು ಕೆಲಸ, ಐದು ಸಲ ಒಳಬಟ್ಟೆ ಬದಲಿಸುವುದು, ಎರಡು ಸಲ ಮೈ ಒರೆಸುವುದು. ಒಂದೇ ಪ್ರಶ್ನೆಗೆ ಎಷ್ಟು ಸಲ ಉತ್ತರಿಸುವುದೆಂದು ಅವರೂ ಎಣಿಸಿಲ್ಲ.

ಈಗಿನ ಅಜ್ಜಿ ವಿಮಾನ ನಗರದ ಮೂರನೇ ಮಹಡಿಯ ಪಂಕಜಾಕ್ಷಿ, ಎಪ್ಪತ್ತೊಂಬತ್ತು ವರ್ಷ. ಉಡುಪಿ ಕಡೆಯವರು. ಮಗ ದೇವದಾಸ್ ಹೋಟೆಲು ನಡೆಸುತ್ತಾರೆ. ಮನೆಯಲ್ಲಿ ಈಗ ಸಂಭ್ರಮ, ಯಾಕೆಂದರೆ ಹೆರಿಗೆಗೆ ಬಂದ ಮೊಮ್ಮಗಳು ಯಶ್ಮಿತಾ ಗಂಡುಮಗು ಹೆತ್ತಿದ್ದಾಳೆ, ಬರುವ ಭಾನುವಾರ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಮೊದಲು ಎತ್ತಿಕೊಳ್ಳಬೇಕಾದವರು ಮುತ್ತಜ್ಜಿ. ಆದರೆ ಮುತ್ತಜ್ಜಿ ಮಗುವನ್ನು ಹತ್ತಿರ ಬಿಡುತ್ತಿಲ್ಲ. ತಂದವರ ಕೈಯನ್ನೇ ತಳ್ಳುತ್ತಾರೆ. ಹೋಗಿ ಡ್ರೈ ಬಾಲ್ಕನಿಯಲ್ಲಿ ಕೂರುತ್ತಾರೆ. ಪಾತ್ರೆ ತಿಕ್ಕಿ ಬಟ್ಟೆ ಒಗೆಯುವ ಆ ಪುಟ್ಟ ಜಾಗಕ್ಕೆ ಪುಣೆಯವರು ಇಟ್ಟ ಹೆಸರು ಅದು. ಅದು ಒಣಗಿದ್ದನ್ನು ಮಾತ್ರ ಕಂಡವರಿಲ್ಲ.

"ಅತ್ತೆಗೆ ನನ್ನ ಮೇಲೆ ಕೋಪ ಉಂಟು" ಎಂದು ಸೊಸೆ ಇಂದೂ ಕಣ್ಣೊರೆಸಿಕೊಳ್ಳುತ್ತಾರೆ. ದೇವದಾಸ್‌ಗೆ ಬೇರೆ ಭಯ. ಅಮ್ಮ ಮಗುವನ್ನೇ ತಳ್ಳಿಬಿಟ್ಟರೆ? ಭಾನುವಾರದ ಮಟ್ಟಿಗೆ ಅಮ್ಮನನ್ನು ಹೋಟೆಲಿನ ಮೇಲಿನ ಕೋಣೆಯಲ್ಲಿ ಇರಿಸುವುದೆಂದು ಅವರು ತೀರ್ಮಾನಿಸಿದ್ದರು.

ಗಂಟು ಬಿಚ್ಚಿಕೊಂಡದ್ದು ಮಂಗಳವಾರ. ಬೆಳಿಗ್ಗೆ ಅಜ್ಜಿ ತಾವಾಗಿಯೇ ಎದ್ದು, ಕೂತ ಚಾಪೆಯನ್ನು ಸುತ್ತಿಕೊಂಡು ಬಚ್ಚಲಿಗೆ ನಡೆದರು, ಜಡೆ ಬಿಚ್ಚಿ ತಲೆ ಬಗ್ಗಿಸಿ ನಿಂತರು.

"ತಲೆಗೆ ನೀರು ಹೊಯ್ಯಿ ಮಾರಾಯ್ತಿ. ಇವತ್ತು ನಾಲ್ಕನೇ ದಿನ."

ಶಿವಕಾಂತಾ ಕೈಯಲ್ಲಿದ್ದ ತಂಬಿಗೆ ಅಲ್ಲೇ ನಿಂತಿತು. ಅಜ್ಜಿ ಬಾಲ್ಕನಿಯಲ್ಲಿ ಉಣ್ಣುವ ಬೇರೆ ತಟ್ಟೆ. ತಾನೇ ತೊಳೆದು ಬೋರಲು ಹಾಕುವುದು. ಲೋಟವನ್ನು ಕೈಗೆ ಕೊಡದೆ ನೆಲಕ್ಕಿಟ್ಟು ಹಿಂದೆ ಸರಿಯುವುದು. ಇದೆಲ್ಲ ತಾನು ಅತ್ತೆಯ ಮನೆಯಲ್ಲಿ ತಿಂಗಳಿಗೆ ಮೂರು ದಿನ ಮಾಡಿದ್ದೇ ಅಲ್ಲವೇ! ಅಜ್ಜಿಗೆ ಯಾರ ಮೇಲೂ ಕೋಪವಿಲ್ಲ. ಅಜ್ಜಿ ಮುಟ್ಟಾಗಿ ಹೊರಗೆ ಕೂತಿದ್ದಾರೆ!

"ಮೈಯಾಗ ಜುಮ್ ಅಂತ್ರಿ" ಎಂದು ಆ ಗಳಿಗೆಯನ್ನು ನೆನೆದು ಈಗಲೂ ಕಣ್ಣರಳಿಸುತ್ತಾರೆ. "ಅಂಟಿಸೋ ಡಯಾಪರ್ ಅಜ್ಜಿ ಹರದು ಒಗೀತಿದ್ರು. ಅದಕ್ಕ ಇಂದೂ ಅಕ್ಕಾರು ಪಟ್ಟಿ ಇರೋ ಪ್ಯಾಡ್ ತಂದಾರ. ಪಾಪ, ಒಳ್ಳೇದಕ್ಕ ತಂದಾರ. ಆದ್ರ ಸೊಂಟಕ್ಕ ಪಟ್ಟಿ, ನಡುವ ದಪ್ಪನ್ನ ಬಟ್ಟಿ. ಹಿಂದಿನ ಕಾಲದಾಗ ನಾವು ಮುಟ್ಟಾದಾಗ ಸೊಂಟಕ್ಕ ದಾರ ಕಟ್ಟಿ ಅರಿವಿ ಕಟ್ಕೋತಿದ್ವಲ್ರೀ, ಥೇಟ್ ಹಂಗ! ಅಜ್ಜಿಗೆ ಎಲ್ಲಾ ಮರತದ, ಮೈಗೆ ಅದೊಂದು ನೆಪ್ಪದ. ಕೂಸಿಗೆ ಮೈಲಿಗಿ ಆಗಬಾರದಂತ ದೂರ ತಳ್ಳ್ಯಾರ. ಅದು ಸಿಟ್ಟಲ್ರಿ, ಪ್ರೀತಿ."

ಕೇಳಿದ ಇಂದೂ ಅಲ್ಲೇ ಕುಸಿದು ಕೂತು ಮೊದಲು ನಕ್ಕರು, ಆಮೇಲೆ ಅತ್ತರು. ತಿಂಗಳಲ್ಲಿ ಐದಾರು ಸಲ ಅತ್ತೆಯನ್ನು ಹೊರಗೆ ಕೂರಿಸಿದವಳು ತಾನೇ! ಆದರೆ ಅಷ್ಟರಲ್ಲಿ ಸ್ನಾನ ಮುಗಿಸಿದ ಅಜ್ಜಿಗೆ ಅಭ್ಯಾಸದ ಬಲದಿಂದ ಮತ್ತೆ ಅದೇ ಪ್ಯಾಡು ಕಟ್ಟಿಯಾಗಿತ್ತು, ಅಜ್ಜಿ ಮತ್ತೆ ಚಾಪೆ ಹಿಡಿದು ಬಾಲ್ಕನಿ ಸೇರಿಯಾಗಿತ್ತು. ಲೆಕ್ಕ ಹಾಕಿ ನೋಡಿದರೆ ಮುಂದಿನ ತಲೆಸ್ನಾನ ಶುಕ್ರವಾರ. ಆವತ್ತೂ ಅದೇ ಪ್ಯಾಡು ಕಟ್ಟಿದರೆ ಭಾನುವಾರ ಅಜ್ಜಿಗೆ ಮೂರನೇ ದಿನ. ಏನೂ ತೊಡಿಸದೆ ಬಿಡೋಣವೆಂದರೆ, ಸೀರೆ ಒದ್ದೆಯಾದ ದಿನ ಅಜ್ಜಿ ನಾಚಿಕೆಯಿಂದ ಸಂಜೆಯವರೆಗೂ ಅಳುತ್ತಾರೆ.

ಹೀಗೆ ಶುರುವಾದದ್ದು ನಳದ ಮುಂದಿನ ಪರೀಕ್ಷೆ. ಮೈಗೆ ಹೇಗನಿಸುತ್ತದೆಂದು ಅಜ್ಜಿ ಹೇಳಲಾರರು, ಆದ್ದರಿಂದ ಶಿವಕಾಂತಾ ತಾವೇ ತೊಡುತ್ತಾರೆ. ಸೀರೆಯಂಚಿನ ಪಟ್ಟಿಯಿಂದ ಅಜ್ಜಿಯ ಸೊಂಟದ ಜೊತೆಗೆ ಕುಂಡೆಯ ಅಳತೆಯನ್ನೂ ತೆಗೆಯುತ್ತಾರೆ. "ಎಲ್ಲಾರೂ ಸೋರ್ತದಂತ ದೊಡ್ಡದು ತರ್ತಾರ್ರಿ. ದೊಡ್ಡದಾದ್ರ ನಡುವ ಮುದ್ದಿ ಆಗ್ತದ, ಬಾಜೂದಾಗಿಂದ ಸೋರ್ತದ. ಅಳತಿಗೆ ಸರಿ ಇರ್ಬೇಕು. ಸಪ್ಪಳ ಆಗಬಾರದು. ಬಚ್ಚಲಕ್ಕ ಹೋದ್ರ ಅಜ್ಜಿ ತಾವ ಕೆಳಗ ಜಗ್ಗೋ ಹಂಗಿರ್ಬೇಕು. ಮತ್ತ ಅವರ ಮುಂದ ಡಯಾಪರ್ ಅನ್ನಬಾರದು. ಅವರೇನು ಕೂಸೇನ್ರಿ?" ಕಾಗದದಂಥ ಚರಪರ ಸದ್ದು ಅಡಗಲೆಂದು ಮೇಲೊಂದು ಹೂವಿನ ಚಿತ್ರದ ಮೆತ್ತನೆಯ ಹತ್ತಿ ಚಡ್ಡಿಯನ್ನೂ ಹೊಲಿದಿಟ್ಟಿದ್ದಾರೆ.

ಶುಕ್ರವಾರ ಬೆಳಿಗ್ಗೆ ಎಣ್ಣೆ ಹಚ್ಚಿ ತಲೆಗೆ ನೀರು ಹೊಯ್ದು, "ನಾಕು ದಿನಾ ಮುಗೀತ್ರಿ ಅಜ್ಜಿ" ಎಂದು ಹೇಳಿ, ಅಜ್ಜಿಯ ಹಿಂದೆ ನಿಂತು ಎರಡನ್ನೂ ಒಟ್ಟಿಗೆ ಏರಿಸುತ್ತಾರೆ. ಆಮೇಲೆ ಇಡೀ ಮನೆ ಉಸಿರು ಬಿಗಿಹಿಡಿದು ಕಾಯುತ್ತದೆ. ಅಜ್ಜಿ ಅಡುಗೆಮನೆ ದಾಟುತ್ತಾರೆ. ಬಾಲ್ಕನಿಯ ಬಾಗಿಲ ಬಳಿ ಒಂದು ಗಳಿಗೆ ನಿಲ್ಲುತ್ತಾರೆ. ಶಿವಕಾಂತಾ ಸೆರಗಿನ ತುದಿ ಕಚ್ಚಿಕೊಂಡಿದ್ದಾರೆ. ಅಜ್ಜಿ ಬಾಗಿಲನ್ನು ಎಳೆದು ಮುಚ್ಚಿ, ಒಳಗೆ ಬಂದು ದೇವರ ಮುಂದಿನ ದೀಪಕ್ಕೆ ಬತ್ತಿ ಹೊಸೆಯಲು ಕೂರುತ್ತಾರೆ. ಇಂದೂ ಅಲ್ಲಿಯೇ ಶಿವಕಾಂತಾರನ್ನು ಬಾಚಿ ತಬ್ಬಿಕೊಳ್ಳುತ್ತಾರೆ. ಹೋಟೆಲಿನ ಮೇಲಿನ ಕೋಣೆಯ ಮಾತನ್ನು ಆಮೇಲೆ ಯಾರೂ ಎತ್ತುವುದಿಲ್ಲ.

ಭಾನುವಾರ ನಡುಮನೆ ತುಂಬ ಜನ. ಪಂಕಜಾಕ್ಷಿ ಕೈ ಚಾಚಿ ಮರಿಮಗನನ್ನು ಎತ್ತಿಕೊಂಡು ಎದೆಗವಚಿಕೊಳ್ಳುತ್ತಾರೆ, ಬಿಡಲೊಲ್ಲರು. ದೇವದಾಸ್ ಗೋಡೆಯ ಕಡೆ ತಿರುಗಿ ಮುಖ ಒರೆಸಿಕೊಳ್ಳುತ್ತಾರೆ. ನೆಂಟರ ನಡುವೆ ತನಗೇನು ಕೆಲಸವೆಂದು ಶಿವಕಾಂತಾ ಮಾತ್ರ ದೂರ, ಡ್ರೈ ಬಾಲ್ಕನಿಯ ಬಾಗಿಲಲ್ಲಿ ನಿಂತಿದ್ದಾರೆ. ಅಜ್ಜಿಯ ಕಣ್ಣು ಅಲ್ಲಿಗೇ ಹೋಗುತ್ತದೆ.

"ಅಲ್ಲಿ ಯಾಕೆ ನಿಂತದ್ದು ಮಾರಾಯ್ತಿ? ನಿನ್ನದು ಎಷ್ಟನೇ ದಿನ?"

ಮನೆಯೆಲ್ಲ ಗೊಳ್ಳೆಂದು ನಗುತ್ತದೆ. "ನಂದೂ ಮುಗೀತ್ರಿ ಅಜ್ಜಿ, ತಲಿಗೆ ನೀರು ಹಾಕ್ಕೊಂಡೀನಿ" ಎನ್ನುತ್ತಾ ಶಿವಕಾಂತಾ ಒಳಗೆ ಬರುತ್ತಾರೆ. ಅಜ್ಜಿ ಮಗುವನ್ನು ಅವರ ಕೈಗೇ ಕೊಡುತ್ತಾರೆ.

ಇಷ್ಟಾದ ಮೇಲೆ ನಿಮಗೇನು ಬೇಕು ಎಂದು ಕೇಳಿದರೆ ಶಿವಕಾಂತಾ ನಾಚಿಕೊಂಡು ನಗುತ್ತಾರೆ.

"ನಾನೂ ಒಂದಿನ ಮುದುಕಿ ಆಗ್ತೀನ್ರಿ. ಆವಾಗ ನನಗೂ ಏನೂ ನೆಪ್ಪಿರಲಿಕ್ಕಿಲ್ಲ. ನನಗ ಹಾಕಾಕಿ ಯಾರರೆ ಇರ್ಲಿ, ಮೊದಲ ಒಂದ್ಸಲ ತಾ ಹಾಕ್ಕೊಂಡು ನಳದ ತನಕ ಹೋಗಿ ಬರ್ಲಿ. ಅಷ್ಟ ಸಾಕ್ರಿ."