ಯಾರನ್ನೂ ಕೇಳಬೇಕಿಲ್ಲದವಳು

ನನಗೆ ಹೊಟ್ಟೆಕಿಚ್ಚು. ಇದನ್ನು ಮೊದಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಮುಂದಿನದನ್ನೆಲ್ಲ ದೊಡ್ಡ ಸಾಧ್ವಿಯ ಹಾಗೆ ಬರೆದುಬಿಟ್ಟೇನು.

ಕುಂದಾಪುರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ನರ್ಸಾಗಿದ್ದೇನೆ. ಬ್ರಹ್ಮಾವರದಿಂದ ದಿನಾ ಬಸ್ಸಿನ ಓಡಾಟ. ನಮ್ಮಲ್ಲೊಂದು ಪದ್ಧತಿ ಇದೆ. ರೋಗಿ ತಲೆನೋವಿಗೆ ಒಂದು ಮಾತ್ರೆ ಕೇಳಿದರೂ "ಕೇಂಡ್ ಹೇಳ್ತೆ", ಅಂದರೆ ಕೇಳಿ ಹೇಳುತ್ತೇನೆ, ಎನ್ನಬೇಕು. ಡಾಕ್ಟರಿಗೆ ಫೋನು ಮಾಡಬೇಕು, ಅವರು ಹೂಂ ಎನ್ನಬೇಕು, ನಾವು ಪುಸ್ತಕದಲ್ಲಿ 'ಡಾಕ್ಟರಿಗೆ ತಿಳಿಸಲಾಗಿದೆ' ಎಂದು ಬರೆಯಬೇಕು. ಹೊಸದಾಗಿ ಬಂದ ಡಾಕ್ಟರಿಗೆ ಪ್ರಮಾಣ ನೆನಪಾಗದಿದ್ದರೆ ನಾವೇ ಹೇಳಿಕೊಡುತ್ತೇವೆ, ಆದರೆ ಪ್ರಶ್ನೆಯ ಧಾಟಿಯಲ್ಲಿ: "ಸಾರ್, ಅರ್ಧ ಕೊಡುವುದಾ?" ಅವರು "ಹಾಂ, ಅರ್ಧ" ಎಂದ ಕೂಡಲೇ ಅದು ಅವರ ತೀರ್ಮಾನ. ಸಾರಿಗೆ ಉಪ್ಪು ಹಾಕುವಾಗಲೂ ಅಮ್ಮ ಫೋನು ಹುಡುಕುತ್ತಾಳೆ ಎಂದು ಮಗಳು ನನ್ನನ್ನು ಆಡಿಕೊಳ್ಳುತ್ತಾಳೆ. ನಗುತ್ತೇನೆ. ಒಳಗೆ ಉರಿಯುತ್ತದೆ.

ನನ್ನ ಹೊಟ್ಟೆಕಿಚ್ಚೆಲ್ಲ ಒಬ್ಬಳ ಮೇಲೆ. ಅವಳು ಹತ್ತು ವರ್ಷದ ಹಿಂದೆ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದವಳು. ಸೂಜಿ ಹಿಡಿಯುವುದನ್ನೂ ನಾನೇ ಹೇಳಿಕೊಟ್ಟಿದ್ದೆ. ಆಮೇಲೆ ಅದೇನೋ ಪರೀಕ್ಷೆ ಬರೆದು, ಸಮುದಾಯ ಆರೋಗ್ಯ ಅಧಿಕಾರಿಯಾಗಿ ಬೈಂದೂರು ಕಡೆಯ ಒಂದು ಕಡಲತಡಿಯ ಊರಿನ ಉಪಕೇಂದ್ರಕ್ಕೆ ಹೋದಳು. ಅವಳೂ ನರ್ಸೇ. ಆದರೆ ಅಲ್ಲಿ ಅವಳದೇ ಕೋಣೆ, ಅವಳದೇ ಮೇಜು. ಬಿಪಿ, ಶುಗರ್ ನೋಡಿ ನಿಯಮದ ಪ್ರಕಾರ ಮಾತ್ರೆಯನ್ನು ಅವಳೇ ಕೊಡುತ್ತಾಳೆ. ಯಾರನ್ನು ದೊಡ್ಡಾಸ್ಪತ್ರೆಗೆ ಕಳಿಸಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು ಅವಳೇ ನಿರ್ಧರಿಸುತ್ತಾಳೆ.

ಕಳೆದ ವರ್ಷ ಬೈಂದೂರಿನ ನೆಂಟರ ಮನೆಗೆ ಹೋದವಳು ಅವಳ ಕೇಂದ್ರಕ್ಕೂ ಹೋದೆ. ನೋಡಿ ಬರೋಣ ಎಂದುಕೊಂಡಿದ್ದೆ. ಏನಾದರೂ ಹುಳುಕು ಸಿಕ್ಕೀತೇ ಎಂದು ಹೋಗಿದ್ದೆ ಎನ್ನುವುದೇ ನಿಜ.

"ಬನ್ನಿ ಅಕ್ಕ, ಇಲ್ಲ್ ಕೂಕಣಿ" ಎಂದು ತನ್ನ ಕುರ್ಚಿಯನ್ನೇ ಬಿಟ್ಟುಕೊಟ್ಟಳು. ನಾನು ಕೂರಲಿಲ್ಲ. ಬೆಂಚಿನ ಮೇಲೆ ಮೀನು ಮಾರುವ ಹೆಂಗಸೊಬ್ಬಳು ಕಾಲು ಚಾಚಿ ಕೂತಿದ್ದಳು. ಸಕ್ಕರೆ ಕಾಯಿಲೆ, ಹೆಬ್ಬೆರಳ ಬುಡದಲ್ಲಿ ಗಾಯ. ತಿಂಗಳಿನಿಂದ ಅದಕ್ಕೆ ನನ್ನ ಈ ಹಳೆಯ ಶಿಷ್ಯೆಯೇ ಬ್ಯಾಂಡೇಜು ಕಟ್ಟುತ್ತಿದ್ದಳಂತೆ.

"ಈ ಅಮ್ಮ ಯಾರನ್ನೂ ಕೇಂಬ್ದಿಲ್ಲ ಕಾಣಿ. ಕಂಡ ಕೂಡ್ಲೆ ಮದ್ದ್" ಎಂದು ಆ ಹೆಂಗಸು ನನಗೆ ಹೇಳಿದಳು. ಬೇಕೆಂದೇ ನನ್ನನ್ನು ಚುಚ್ಚಿದಂತಾಯಿತು.

ಶಿಷ್ಯೆ ಬ್ಯಾಂಡೇಜು ಬಿಚ್ಚಿದಳು. ಗಾಯ ಮೇಲೆ ಒಣಗಿ ಮುಚ್ಚಿಕೊಂಡಿತ್ತು. "ಹ್ಯಾಂಗಿತ್ತ್ ಅಕ್ಕ?" ಎಂದು ಕೇಳಿದಳು. ನಾನು ಬಗ್ಗಿ ಪಾದ ಮುಟ್ಟಿದೆ. ಬಿಸಿಯಿತ್ತು. ಬೆರಳ ಬುಡ ತುಸು ಉಬ್ಬಿತ್ತು, ಅಂಗಾಲಿನ ಕಡೆ ಕೆಂಪು ಹರಡಿತ್ತು. ಒಳಗೆ ಕೀವು ತುಂಬಿದೆ ಎಂದು ನನ್ನ ಬೆರಳಿಗೆ ಗೊತ್ತಾಯಿತು. ಜೋಮು ಹಿಡಿದ ಕಾಲು, ಆ ಹೆಂಗಸಿಗೆ ನೋವೇ ಇರಲಿಲ್ಲ. ಇವತ್ತೇ ಸರ್ಜನ್ ಹತ್ತಿರ ಹೋಗದಿದ್ದರೆ ಪಾದಕ್ಕೇ ಸಂಚಕಾರ.

"ಚಂದ ಕಟ್ಟಿದ್ದಿ ಮಾರಾಯ್ತಿ" ಎಂದೆ. ಅಷ್ಟೇ ಎಂದೆ.

ಅವಳೇ ಕಂಡುಕೊಳ್ಳಲಿ, ಅಧಿಕಾರಿಯಲ್ಲವೇ ಎಂದು ಮನಸ್ಸು ಹೇಳಿತು. ಕಾಣದೇ ಹೋದರೆ ಹೋಗಲಿ ಎಂದೂ ಹೇಳಿತು. ಚಹಾ ಕುಡಿದು ಬಸ್ಸು ಹತ್ತಿದೆ.

ಕುಂದಾಪುರದವರೆಗೂ ಆ ಬಿಸಿ ಕೈಯಲ್ಲೇ ಇತ್ತು. ಇಷ್ಟು ವರ್ಷ ಮನೆಯಲ್ಲಿ, ಬಸ್ಸಿನಲ್ಲಿ, ಸಿಕ್ಕಿದವರೆದುರೆಲ್ಲ ನಾನು ಗೋಳು ಹೇಳಿಕೊಂಡದ್ದು ಒಂದೇ: ನಮಗೆ ಗೊತ್ತಿದ್ದರೂ ಬಾಯಿ ಬಿಡಲು ಬಿಡುವುದಿಲ್ಲ. ಇವತ್ತು ನನ್ನ ಬಾಯಿ ಮುಚ್ಚಿಸಿದವರು ಯಾರು? ಆ ಕೋಣೆಯಲ್ಲಿ ಡಾಕ್ಟರೇ ಇರಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳೇ ಅವಳಿಗೆ ಫೋನು ಮಾಡಿದೆ.

"ಆ ಕಾಲ್ ಸಮ ಇಲ್ಲ. ಒಳಗೆ ಕೀವು ಇತ್ತ್" ಎಂದೆ.

"ನಂಗೂ ಸಂಶಯ ಬಂದಿತ್ತ್ ಅಕ್ಕ. ಅದ್ಕೇ ನಿಮ್ಮನ್ ಕೇಂಡದ್ದ್. ನೀವ್ ಮುಟ್ಟಿ ಕಂಡ್ರಿ, ಎಂತದೂ ಹೇಳ್ಲಿಲ್ಲ. ನೀವೇ ಹೇಳ್ಲಿಲ್ಲ ಅಂದ್ರೆ ಎಂತ ಇಲ್ಲ ಅಂದೇಳಿ ಮನಿಗೆ ಕಳ್ಸಿದೆ."

ಫೋನನ್ನು ಕಿವಿಗೊತ್ತಿಕೊಂಡೇ ಸರ್ಕಾರಿ ಆಸ್ಪತ್ರೆಯ ಕಡೆ ಹೆಜ್ಜೆ ಹಾಕತೊಡಗಿದೆ.

"ಈಗಳೇ ರಿಕ್ಷಾ ಮಾಡ್ಕಂಡ್ ಹೋಗ್. ಅವಳನ್ ಕರ್ಕಂಡ್ ಇಲ್ಲಿಗೆ ಬಾ. ನಾನ್ ಸರ್ಕಾರಿ ಆಸ್ಪತ್ರೆ ಬಾಗ್ಲಲ್ಲೇ ಇರ್ತೆ" ಎಂದೆ. ಯಾರ ಹೂಂಗೂ ಕಾಯದೆ ಹೇಳಿದ ಮಾತು ಅದು. ಅದಕ್ಕಾಗಿ ಹೆಮ್ಮೆ ಪಡುವ ಯೋಗ್ಯತೆ ಮಾತ್ರ ನನಗಿರಲಿಲ್ಲ.

ಸಂಜೆಯೊಳಗೆ ಗಾಯ ಕುಯ್ದು ಕೀವು ತೆಗೆದರು. ಪಾದ ಉಳಿಯಿತು, ಬೆರಳೂ ಉಳಿಯಿತು.

ನಾಲ್ಕು ದಿನ ಬಿಟ್ಟು ವಾರ್ಡಿಗೆ ಹೋದಾಗ ಅವಳೂ ಬಂದಿದ್ದಳು. ಹೆಂಗಸಿನ ಮಗ, ಸೊಸೆ, ಪಕ್ಕದ ಹಾಸಿಗೆಯವರು ಎಲ್ಲ ಇದ್ದರು. ಅವರೆಲ್ಲರ ಮುಂದೆ ಅವಳು ಒಂದಿಷ್ಟೂ ತಡವರಿಸದೆ ಹೇಳಿದಳು: "ತಪ್ಪು ನಂದ್. ಸಂಶಯ ಇದ್ದೂ ಮನಿಗೆ ಕಳ್ಸಿದೆ. ಈ ಅಕ್ಕ ಫೋನ್ ಮಾಡಿದ್ದಕ್ಕೆ ಕಾಲ್ ಉಳ್ದದ್ದ್."

ಆ ಹೆಂಗಸು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವ್ ದೇವ್ರ್ ಬಂದಾಂಗೆ ಬಂದ್ರಿ" ಎಂದಳು.

ಮೊದಲೇ ಗೊತ್ತಿತ್ತು, ಬೇಕೆಂದೇ ಸುಮ್ಮನಿದ್ದೆ ಎಂದು ಹೇಳುವುದಕ್ಕೆ ಅದೇ ಸಮಯ. ನನ್ನ ಶಿಷ್ಯೆ ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಾಗಿತ್ತೋ ಇಲ್ಲವೋ, ಇವತ್ತಿಗೂ ಕೇಳುವ ಧೈರ್ಯ ನನಗಿಲ್ಲ. ಬರಿಗಾಲಲ್ಲಿ ನಡೆಯಬೇಡ, ಮಾತ್ರೆ ತಪ್ಪಿಸಬೇಡ ಎಂದು ಆ ಹೆಂಗಸಿಗೆ ಬುದ್ಧಿ ಹೇಳಿದೆ. ನನ್ನ ತಪ್ಪನ್ನೂ ಸೇರಿಸಿ ಅವಳೊಬ್ಬಳೇ ಹೊತ್ತುಕೊಂಡಳು. ನಾನು ಹೊರಲು ಬಿಟ್ಟೆ.