ತೂಗದ ತೊಟ್ಟಿಲು

ತೊಟ್ಟಿಲು ಕಂಡಲ್ಲಿ ಮನುಷ್ಯನ ಕೈ ಸುಮ್ಮನಿರುವುದಿಲ್ಲವೆಂಬುದನ್ನು ನೀವೂ ಗಮನಿಸಿರಬಹುದು. ಮನೆಗೆ ಬಂದ ನೆಂಟರು ಕಾಲು ತೊಳೆದುಕೊಂಡು, ಆಸರಿಗೆಂದು ಕೊಟ್ಟ ನೀರು-ಬೆಲ್ಲವನ್ನೂ ಮುಟ್ಟದೆ ನೆಟ್ಟಗೆ ತೊಟ್ಟಿಲ ಬಳಿಗೆ ನಡೆದು, ಆಗಷ್ಟೇ ಮನೆಮಂದಿಯ ಸಕಲ ಪ್ರಯತ್ನಗಳಿಂದ ನಿದ್ರಾದೇವಿಯ ವಶವಾಗಿದ್ದ ಶಿಶುವನ್ನು ಒಂದೇ ತೂಗಿಗೆ ಎಬ್ಬಿಸಿ, 'ಅಯ್ಯೋ, ಎದ್ದೇ ಬಿಡ್ತಲ್ಲ!' ಎಂದು ಅಪವಾದವನ್ನು ಶಿಶುವಿನ ತಲೆಗೇ ಕಟ್ಟಿ ಚಹಕ್ಕೆ ಕೂರುತ್ತಾರೆ. ಖಾಲಿ ತೊಟ್ಟಿಲನ್ನು ತೂಗಬಾರದೆಂಬ ಕಟ್ಟಳೆಯೊಂದು ನಮ್ಮಲ್ಲಿದೆ; ಮಗುವಿಲ್ಲದಿದ್ದರೂ ತೂಗುವ ಚಪಲ ಈ ಜನಕ್ಕೆ ಇದ್ದೇ ಇದೆಯೆಂಬುದನ್ನು ಹಿರಿಯರು ಬಲ್ಲವರಾಗಿದ್ದರೆಂದು ತೋರುತ್ತದೆ. ಇಂಥ ನಾಡಿನಲ್ಲಿ ತೂಗಲಾಗದ ತೊಟ್ಟಿಲೊಂದನ್ನು ತಂದಿಟ್ಟ ಏಕೈಕ ವ್ಯಕ್ತಿ ಬಹುಶಃ ನಾನೇ ಇರಬೇಕು.

ಹಾಗೆ ಮಾಡಲು ನನಗೆ ಕಾರಣವಿತ್ತು, ಅದೂ ಹಣೆಯ ಮೇಲೆಯೇ ಇತ್ತು. ನನ್ನ ಎಡಹುಬ್ಬಿನ ಮೇಲಿನ ಗಾಯದ ಕಲೆ, ನಾನು ಎಳೆಗೂಸಾಗಿದ್ದಾಗ ತೊಟ್ಟಿಲ ಹಗ್ಗ ಹರಿದು ಕೆಳಗೆ ಬಿದ್ದುದರ ಸ್ಮಾರಕ. ಈ ಪತನದ ಅಧಿಕೃತ ಕಥನಕಾರ ನನ್ನ ಆಯಿಯ, ಎಂದರೆ ತಾಯಿಯ, ತಮ್ಮ, ಸಿದ್ದಾಪುರದ ಮಾವ. ಮದುವೆ, ಮುಂಜಿ, ತಿಥಿ, ಯಾವುದೇ ಇರಲಿ, ಊಟದ ನಂತರ ಎಲೆಯಡಿಕೆಯ ಕವಳದ ಬಟ್ಟಲು ಸುತ್ತು ಹೊಡೆಯತೊಡಗಿತೆಂದರೆ ಮಾವ ಈ ಪ್ರಸಂಗವನ್ನು ಎತ್ತಿಕೊಳ್ಳುವನು. ಆರಂಭದಲ್ಲಿ ಮೊಣಕಾಲೆತ್ತರದಲ್ಲಿದ್ದ ತೊಟ್ಟಿಲು ಅವನ ಬಾಯಲ್ಲಿ ವರ್ಷದಿಂದ ವರ್ಷಕ್ಕೆ ಏರುತ್ತ ಹೋಗಿ, ನನ್ನ ಮದುವೆಯ ಹೊತ್ತಿಗೆ ಮಾಡಿನ ಹಂಚಿಗೆ ತಾಗುವಷ್ಟಾಗಿತ್ತು. ನಾನು ಗಣಿತದಲ್ಲಿ ಕೊನೆಯವರೆಗೂ ಹಿಂದುಳಿದದ್ದಕ್ಕೂ, ಬೇರೆ ಗತಿಯಿಲ್ಲದೆ ಶಿರಸಿಯ ಶಾಲೆಯಲ್ಲಿ ಕನ್ನಡ ಮಾಸ್ತರನಾದದ್ದಕ್ಕೂ ಆ ಪೆಟ್ಟೇ ಮೂಲಕಾರಣವೆಂಬುದು ಮಾವನ ಸಿದ್ಧಾಂತ. ಎಲ್ಲರೂ ನಗುತ್ತಿದ್ದರು, ನಾನಂತೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದೆ. ಆಯಿ ಮಾತ್ರ ಕಥೆ ಶುರುವಾಗುತ್ತಿದ್ದಂತೆ ಒಲೆಯ ಮೇಲಿನ ಹಾಲು ನೆನಪಾಗಿ ಒಳಗೆ ಹೋಗುತ್ತಿದ್ದಳು. ಕೇಳಿ ಕೇಳಿ ಬೇಸರವಾಗಿರಬೇಕೆಂದು ನಾನು ತಿಳಿದಿದ್ದೆ.

ನಮ್ಮ ಜಿಲ್ಲೆ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಕಾಲದಲ್ಲಿ ನನ್ನ ಹೆಂಡತಿ ಭಾಗೀರಥಿ ಚೊಚ್ಚಲ ಹೆರಿಗೆಗೆಂದು ಮಂಚಿಕೇರಿಯ ತವರಿಗೆ ಹೋದಳು. ತೊಟ್ಟಿಲು ತವರಿನಿಂದಲೇ ಬರಬೇಕೆಂಬುದು ಸಂಪ್ರದಾಯ. ಆದರೆ ಅವಳ ಮನೆಯಲ್ಲಿ ತಲೆಮಾರುಗಳಿಂದ ಎಲ್ಲರನ್ನೂ ತೂಗಿದ್ದ ತೊಟ್ಟಿಲಲ್ಲಿ ಆಗ ಅವಳ ಅಣ್ಣನ ಮಗ ಠಾಣ್ಯ ಹೂಡಿದ್ದ. ಅದು ತೆರವಾಗುವ ಲಕ್ಷಣ ಕಾಣಲಿಲ್ಲ. ಹೊಸದನ್ನು ಮಾಡಿಸಿ ಕಳಿಸುತ್ತೇವೆಂದು ಭಾಗೀರಥಿಯ ತಂದೆ ಹೇಳಿದಾಗ ನಾನು ದೊಡ್ಡ ಮನಸ್ಸು ಮಾಡಿದವನಂತೆ, ಅದರ ಹೊಣೆ ನನಗಿರಲಿ ಎಂದೆ. ನಿಜ ಹೇಳಬೇಕೆಂದರೆ ಅದು ದೊಡ್ಡ ಮನಸ್ಸಲ್ಲ, ಹೆದರಿಕೆ. ನೇತಾಡುವ ಯಾವ ವಸ್ತುವಿನ ಮೇಲೂ ನನಗೆ ವಿಶ್ವಾಸವಿರಲಿಲ್ಲ.

ಆ ಕೆಲವು ವಾರ ನಾನು ಶಿರಸಿಯ ಪೇಟೆಯಲ್ಲಿ ನಡೆಸಿದ ತೊಟ್ಟಿಲ ಪರೀಕ್ಷೆಯಂಥದನ್ನು ಯಾವ ವಿದ್ಯಾರ್ಥಿಯ ಉತ್ತರಪತ್ರಿಕೆಗೂ ನಾನು ನಡೆಸಿದವನಲ್ಲ. ಮೇದಾರರ ಬಿದಿರಿನ ತೊಟ್ಟಿಲು ಹಗುರ, ಚೆಂದ. ಆದರೆ ಸೀಳಿನ ತುದಿಗಳು ಎಳೆಯ ಬೆರಳಿಗೆ ಚುಚ್ಚಿಯಾವು. ಆಚಾರಿಯ ಹಲಸಿನ ಮರದ ತೊಟ್ಟಿಲಿಗೆ ಕಡೆದ ಕಂಬ, ತುದಿಗೆ ಬಣ್ಣದ ಗಿಳಿಗಳು. ಆದರೆ ಕಂಬದಿಂದ ಕಂಬಕ್ಕೆ ನನ್ನ ಮುಷ್ಟಿ ಸಲೀಸಾಗಿ ತೂರುವಷ್ಟು ಎಡೆ, ಮಗುವಿನ ತಲೆ ಅಲ್ಲಿ ಸಿಕ್ಕಿಕೊಂಡರೆ? ಗಿಳಿಯ ಕೊಕ್ಕನ್ನು ಮಗು ಕಚ್ಚಿ ನುಂಗಿದರೆ? ಇನ್ನು ಜೋಲಿಯ ವಿಷಯ ಬಿಡಿ: ಒಂದು ಹಳೆಯ ಸೀರೆ, ಒಂದು ಹಗ್ಗ, ಮೇಲೊಂದು ಜಂತಿ, ಅದನ್ನು ತೊಟ್ಟಿಲೆನ್ನುವುದಕ್ಕಿಂತ ದೈವದ ಮೇಲಿನ ಭಾರವೆನ್ನುವುದೇ ಮೇಲು. ಆಚಾರಿ ನನ್ನ ಪ್ರಶ್ನೆಗಳನ್ನೆಲ್ಲ ತಾಳ್ಮೆಯಿಂದ ಕೇಳಿ ಕಡೆಗೆ, 'ಮಾಸ್ತರೇ, ಕೂಸು ಹುಟ್ಲಿ. ಅದನ್ನೇ ಒಂದ್ಮಾತು ಕೇಳ್ವ' ಎಂದು ಉಳಿ ಮಸೆಯತೊಡಗಿದ.

ಅಷ್ಟರಲ್ಲಿ ಮರಾಠಿ ಸಾಹೇಬರೊಬ್ಬರಿಗೆ ನಾಸಿಕದ ಕಡೆಗೆ ಬದಲಿಯಾಗಿ, ಅವರು ಬಂಗಲೆಯ ಸಾಮಾನು ವಿಲೇವಾರಿ ಮಾಡುತ್ತಿದ್ದಾರೆಂಬ ಸುದ್ದಿ ಬಂತು. ಹೋಗಿ ನೋಡಿದರೆ ಮೂಲೆಯಲ್ಲಿ ನನ್ನ ಕನಸೇ ಮೂರ್ತಿವೆತ್ತು ನಿಂತಿತ್ತು. ನಾಲ್ಕು ಗಟ್ಟಿ ಕಾಲು, ಕಾಲಿಗೆ ಪುಟ್ಟ ಗಾಲಿ, ಸುತ್ತಲೂ ಎದೆಮಟ್ಟದ ಒತ್ತೊತ್ತಾದ ಸರಳುಗಳ ಕಟಾಂಜನ. ಒಂದು ಬದಿಯ ಕಟಾಂಜನವನ್ನು ಚಿಲಕ ತೆಗೆದು ಇಳಿಸಬಹುದು, ಮತ್ತೆ ಏರಿಸಬಹುದು. ಹಗ್ಗವಿಲ್ಲ, ಸರಪಳಿಯಿಲ್ಲ, ನೇತಾಡುವ ಮಾತೇ ಇಲ್ಲ. ಬೀಳಬೇಕೆಂದು ಹಟತೊಟ್ಟ ಮಗುವೂ ಬೀಳಲಾರದು! ನಾನು ಅಲ್ಲೇ ಅದಕ್ಕೆ ಮರುಳಾದೆ.

ಅದನ್ನು ಕೈಗಾಡಿಯ ಮೇಲೇರಿಸಿ ಪೇಟೆಯಲ್ಲಿ ತಂದ ಮೆರವಣಿಗೆಯನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಪಕ್ಕದ ಮನೆಯ ಚೆನ್ನಬಸಪ್ಪನವರು ಬನವಾಸಿ ಕಡೆಯವರು, ಬಟ್ಟೆ ವ್ಯಾಪಾರಿಗಳು. ಅಂಗಡಿಯ ಗಾದಿಯಿಂದಲೇ ಕೂಗಿದರು.

'ಏನ್ರಿ ಮಾಸ್ತರ, ಕರಾ ಸಾಕಾವ್ರೇನ್ರಿ?'

ಮಗುವಿಗೆಂದು ತಂದದ್ದು ಎಂದೆ. ಅವರು ಗಾದಿಯಿಂದ ಇಳಿದು ಬಂದು, ಕಟಾಂಜನವನ್ನು ಹಿಡಿದು ಅಲ್ಲಾಡಿಸಿ, ನನ್ನ ಮುಖವನ್ನು ಕನಿಕರದಿಂದ ನೋಡಿದರು.

'ಹೌದೇನ್ರಿ! ಕೂಸು ಅಷ್ಟ್ ಜೋರ್ ಐತೇನ್ರಿ?'

ಮನೆಯಲ್ಲಿ ಆಯಿ ನಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಬಂದು ಅದರ ಸುತ್ತ ಒಂದು ಸುತ್ತು ಬಂದಳು, ಕಟಾಂಜನವನ್ನು ಮುಟ್ಟಿ ಮುಟ್ಟಿ ನೋಡಿದಳು. 'ಇದ್ರಿಂದ ಬೀಳ್ತಿಲ್ಯನಾ ತಮಾ?' ಎಂದು ನನ್ನನ್ನು ಕೇಳಿದಳು. ಭೂಕಂಪವಾದರೂ ಬೀಳುವುದಿಲ್ಲವೆಂದು ನಾನು ಹೆಮ್ಮೆಯಿಂದ ಹೇಳಿದೆ. 'ಚಲೋ ಆತು' ಎಂದಷ್ಟೇ ಹೇಳಿ ಒಳಗೆ ಹೋದಳು. ಅಷ್ಟು ಸಣ್ಣ ದನಿ ನನ್ನ ಆಯಿಯದ್ದಲ್ಲ. ಆದರೆ ಚಿಲಕಕ್ಕೆ ಎಣ್ಣೆ ಬಿಡುವ ಗಡಿಬಿಡಿಯಲ್ಲಿದ್ದ ನನಗೆ ಅದು ಹೊಳೆಯಲಿಲ್ಲ.

ಹೆರಿಗೆಯಾಗಿ ಕೆಲವು ತಿಂಗಳಿಗೆ ಮಂಚಿಕೇರಿಯಿಂದ ಭಾಗೀರಥಿ ಕೂಸನ್ನು ಎತ್ತಿಕೊಂಡು ಬಸ್ಸಿಳಿದಳು. ಹೆಣ್ಣು, ಉಂಡೆಯಂಥ ಮುಖ, ತಲೆತುಂಬ ಕೂದಲು. ನಾನು ಕೋಟೆಯ ಬಾಗಿಲು ತೆರೆಯುವ ದೊರೆಯಂತೆ ಚಿಲಕ ತೆಗೆದು ಕಟಾಂಜನವನ್ನಿಳಿಸಿ ಮಗಳನ್ನು ಮಲಗಿಸಿದೆ. ಅವಳು ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಜಗತ್ತು ಅಲ್ಲಾಡುತ್ತಿಲ್ಲವೆಂಬುದು ಮನದಟ್ಟಾದೊಡನೆ ಬಾಯಿ ತೆರೆದು ಅಳತೊಡಗಿದಳು. ಮಂಚಿಕೇರಿಯಲ್ಲಿ ಅತ್ತೆ, ದೊಡ್ಡಮ್ಮ, ಅಮ್ಮಮ್ಮ ಎಲ್ಲರ ತೊಡೆಯ ಮೇಲೆ ತೂಗಿಸಿಕೊಂಡು ಬಂದ ಜೀವಕ್ಕೆ ಸ್ಥಿರತೆಯೆಂಬ ಸದ್ಗುಣ ರುಚಿಸಲಿಲ್ಲ. ಗಾಲಿಗಳಿವೆಯಲ್ಲ ಎಂದು ನಾನು ಅದನ್ನೇ ಹಿಂದೆ ಮುಂದೆ ಎಳೆದಾಡಿದೆ. ಸಗಣಿ ಸಾರಿಸಿದ ನೆಲದ ಉಬ್ಬುತಗ್ಗುಗಳಲ್ಲಿ ಅದು ಗಡಗಡ ಸದ್ದು ಮಾಡುತ್ತ ಸಾಗಿದರೆ ಕೂಸಿನ ಅಳುವಿಗೆ ತಾಳ ಸಿಕ್ಕಂತಾಗುತ್ತಿತ್ತು. ಭಾಗೀರಥಿ ಕೊನೆಗೆ ಅವಳನ್ನು ಹೆಗಲಿಗೇರಿಸಿ ಜಗಲಿಯಲ್ಲಿ ತಿರುಗತೊಡಗಿದಳು. ಅದೇ ಅವಳ ನಿತ್ಯದ ಪಾಡಾಯಿತು.

ಬಾಣಂತಿಯ ನಡ ನೋಯುತ್ತಿದ್ದರೂ ಆಯಿ ಬಂದು ಕೂಸನ್ನು ತೆಗೆದುಕೊಳ್ಳುತ್ತಿರಲಿಲ್ಲ. ಹಾಗೆಂದು ಅಕ್ಕರೆಗೆ ಕಡಿಮೆಯಿರಲಿಲ್ಲ. ಎಣ್ಣೆ ಹಚ್ಚಿ, ಹದವಾದ ನೀರು ಹೊಯ್ದು, ಲೋಬಾನದ ಹೊಗೆ ಹಿಡಿದು, ದೃಷ್ಟಿಬೊಟ್ಟಿಟ್ಟು ಕೂಸನ್ನು ಗೊಂಬೆಯಂತೆ ಮಾಡಿ ತಾಯಿಯ ಕೈಗೆ ಕೊಡುವಳು. ನಿದ್ದೆಯ ಹೊತ್ತಾಯಿತೆಂದರೆ ಮಾತ್ರ ಅವಳಿಗೆ ಹಿತ್ತಲಲ್ಲಿ ಕೆಲಸ, ಬಾವಿಕಟ್ಟೆಯಲ್ಲಿ ಕೆಲಸ, ಆಗಲೇ ಕೇರಿಟ್ಟ ಅಕ್ಕಿಯನ್ನು ಮತ್ತೆ ಕೇರುವ ಕೆಲಸ. ಒಂದು ಮಧ್ಯಾಹ್ನ ಭಾಗೀರಥಿ ಕೂಸನ್ನು ಹೆಗಲಿನಿಂದ ಹೆಗಲಿಗೆ ಬದಲಿಸುತ್ತ, ಕಣ್ಣು ತುಂಬಿಕೊಂಡು ನನ್ನೆದುರು ನಿಂತಳು.

'ಎಣ್ಣೆ ಹಚ್ಚಿ ಮೀಸಲೆ ಅಡ್ಡಿಲ್ಲೆ, ಮಲಗ್ಸಲೆ ಮಾತ್ರ ಆಗ್ತಿಲ್ಲೆ. ಅತ್ತೆಗೆ ಮಾಣಿ ಬೇಕಾಗಿತ್ತು ಕಾಣ್ತು.'

ಗಂಡುಮಗು ಬೇಕಿತ್ತೆಂದು ಆಯಿ ಹಾಗೆ ಮಾಡುವವಳಲ್ಲವೆಂದು ಹೇಳಿದೆ. ಆಯಿಯನ್ನು ಕೇಳುವ ಧೈರ್ಯವಾಗಲಿಲ್ಲ, ಕೇಳದೆ ಇರುವಷ್ಟು ನೆಮ್ಮದಿಯೂ ಇರಲಿಲ್ಲ. ಅತ್ತೆ-ಸೊಸೆ ಒಂದೇ ಅಡುಗೆಮನೆಯಲ್ಲಿ ಬೇಕಾದಷ್ಟೇ ಮಾತಾಡಿ ದಿನ ದೂಡತೊಡಗಿದರು. ಅಷ್ಟು ಗಟ್ಟಿಮುಟ್ಟಾದ ತೊಟ್ಟಿಲನ್ನು ತಂದಿಟ್ಟ ಮನೆ ಹೀಗೆ ಅಲ್ಲಾಡತೊಡಗಿದ್ದು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು.

ಹೆಸರಿಡುವ ಶಾಸ್ತ್ರ ಮಂಚಿಕೇರಿಯಲ್ಲೇ ಆಗಿತ್ತು. ಆದರೆ ನಮ್ಮ ಕಡೆಯವರು ಕೂಸನ್ನು ನೋಡುವುದು, ನಮ್ಮ ಮನೆಯಲ್ಲೊಮ್ಮೆ ತೊಟ್ಟಿಲಿಗೆ ಹಾಕುವುದು ಬಾಕಿಯಿತ್ತು. ಒಂದು ಭಾನುವಾರ ಎಲ್ಲರನ್ನೂ ಕರೆದೆವು. ಮಗುವಿಗಿಂತ ಮೊದಲು ಗುಂಡುಕಲ್ಲನ್ನು ತೊಟ್ಟಿಲಲ್ಲಿ ಮಲಗಿಸುವುದು ನಮ್ಮಲ್ಲಿನ ಪದ್ಧತಿ. ಕಲ್ಲಿಗೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಗುಂಡಪ್ಪನೆಂದು ಕರೆದು, ತೊಟ್ಟಿಲ ಮೇಲಿನಿಂದ ಒಬ್ಬಳು ಕೊಟ್ಟರೆ ಅಡಿಯಿಂದ ಇನ್ನೊಬ್ಬಳು ತೆಗೆದುಕೊಳ್ಳಬೇಕು. ಎದೆಮಟ್ಟದ ಕಟಾಂಜನದ ಮೇಲಿಂದ ಕಲ್ಲನ್ನು ಎತ್ತುವವಳಿಗೆ ತೋಳು ಸಾಲಲಿಲ್ಲ. ಗಾಲಿಗಳ ನಡುವಿನಿಂದ ಪಡೆಯಬೇಕಾದವಳು ಪಟ್ಟೆಸೀರೆಯಲ್ಲೇ ತೆವಳಬೇಕಾಯಿತು. ಹೇಗೋ ಗುಂಡಪ್ಪ ಒಳಗೆ ಬಿದ್ದ. ಈಗ ತೂಗಿ ಹಾಡಬೇಕಲ್ಲ! ಎಳೆದರು, ಕಲ್ಲು ಆ ಕಟಾಂಜನದಿಂದ ಈ ಕಟಾಂಜನಕ್ಕೆ ಉರುಳಿ ಗುಡುಗಿತು. ಆಯಿಯ ಮಡಿಲಲ್ಲಿದ್ದ ಕೂಸು ಬೆಚ್ಚಿ ಕಿರುಚಿಕೊಂಡಿತು. ಚೆನ್ನಬಸಪ್ಪನವರ ಹೆಂಡತಿ, 'ತೂಗದ ತೊಟ್ಲಿಗೆ ಹಾಡ್ಯಾರ ಹೆಂಗ ಹಾಡೂದ್ರಿ?' ಎಂದಾಗ ಹೆಂಗಸರೆಲ್ಲ ಒಮ್ಮೆಲೇ ನಕ್ಕುಬಿಟ್ಟರು. ಜಂತಿಯಲ್ಲಿ ಕೊಂಡಿಯಿದೆ, ಒಂದು ಜೋಲಿ ಕಟ್ಟಿಬಿಡಿ ಎಂದು ತೀರ್ಮಾನವಾಯಿತು.

ಸಿದ್ದಾಪುರದ ಮಾವ ಹಗ್ಗ ಹಿಡಿದು ಸ್ಟೂಲು ಹತ್ತಿದ. ಕೈಯಲ್ಲಿ ಹಗ್ಗ, ಕೆಳಗೆ ಸಭೆ, ಎದುರಿಗೆ ನನ್ನ ಹಣೆ! ಇನ್ನು ಅವನನ್ನು ತಡೆಯುವವರು ಯಾರು? ತೊಟ್ಟಿಲು ಹಂಚಿನೆತ್ತರದಿಂದ ಹೊರಟಿತು, ನಾನು ಬಿದ್ದೆ, ಗಣಿತ ಹೋಯಿತು, ಸಭೆ ನಕ್ಕಿತು. ಆಯಿಗೆ ಮಾತ್ರ ಈ ಸಲ ಏಳಲಾಗಲಿಲ್ಲ, ಮಡಿಲಲ್ಲಿ ಕೂಸಿತ್ತು.

'ಆ ಹಗ್ಗ ಕಟ್ಟಿದ ಪುಣ್ಯಾತ್ಮ ಯಾವನನ ಮಾರಾಯಾ' ಎಂದು ಮಾವ ನಗುತ್ತ ಮುಗಿಸಿದ. 'ಈಗ ಸಿಕ್ಕಿದ್ರೆ ಒಂದು ಶಾಲು ಹೊದಿಸ್ತಿದ್ದೆ!'

'ಯಾವನೂ ಅಲ್ಲ' ಎಂದಳು ಆಯಿ. 'ಆನೇ ಕಟ್ಟಿದ್ದು, ಯನ್ನ ಈ ಕೈಯಾರೆ.'

ಮಾವನ ಕೈ ಕೊಂಡಿಯಲ್ಲೇ ನಿಂತಿತು. ಆಯಿ ಕೂಸಿನ ತಲೆಯ ಮೇಲೆ ಕೈಯಾಡಿಸುತ್ತ, ಯಾರ ಮುಖವನ್ನೂ ನೋಡದೆ ಹೇಳಿದಳು.

'ಹಗ್ಗ ಹಳತಾಗಿತ್ತು. ಇವತ್ತೊಂದಿನ ತಡೀತು, ನಾಳೆ ಹೊಸದು ಕಟ್ಟವು ಅಂದ್ಕಂಡಿದ್ದೆ. ಇವ ಬಿದ್ದು ರಕ್ತ ಸೋರ್ದಾಗ ಜೀವನೇ ಹೋತು ಹೇಳಿ ಮಾಡಿದ್ದೆ. ಅವತ್ತಿಂದ ಯಾರ ಮನೆ ಕೂಸಿನ್ನೂ ತೂಗಿದ್ದಿಲ್ಲೆ. ಯನ್ನ ಕೈ ಮೇಲೆ ಯಂಗೇ ನಂಬ್ಕೆ ಇಲ್ಲೆ.'

ಅಷ್ಟು ವರ್ಷ ನಾವು ನಗುತ್ತ ಬಂದ ಕಥೆ ಅದು. ಅಷ್ಟು ವರ್ಷವೂ ಅವಳು ಒಳಗೆ ಒಲೆಯ ಮುಂದೆ ಒಬ್ಬಳೇ ಕೂತಿದ್ದಳು. ಮಾವನ ಮುಖ ನೋಡುವಂತಿರಲಿಲ್ಲ. ಭಾಗೀರಥಿ ಮುಂದೆ ಬಂದು ಆಯಿಯ ಮಡಿಲಿನಿಂದ ಕೂಸನ್ನು ಎತ್ತಿಕೊಂಡಳು.

'ಮಾವ, ನಿಂಗ ಇಳೀರಿ' ಎಂದಳು. 'ಹಗ್ಗ ಅತ್ತೆ ಕಟ್ಟಲಿ. ಅತ್ತೆ ಕಟ್ಟಿದ ಜೋಲೀಲೇ ಯನ್ನ ಕೂಸು ಮಲಗ್ತು. ಅತ್ತೆಯಷ್ಟು ಹೆದ್ರಿ ಕಟ್ಟುವವು ಈ ಊರಲ್ಲೇ ಮತ್ತೊಬ್ರಿಲ್ಲೆ.'

ಆಯಿ ಸೆರಗು ಬಿಗಿದು ಎದ್ದಳು. ಮಾವನ ಕೈಯ ಹಗ್ಗವನ್ನು ಕಸಿದು ಬೆಳಕಿಗೆ ಹಿಡಿದು ಗೇಣು ಗೇಣಾಗಿ ನೋಡಿ, ಬೇಡವೆಂದು ಎಸೆದು, ಚೆನ್ನಬಸಪ್ಪನವರ ಅಂಗಡಿಯಲ್ಲಿ ಬಟ್ಟೆಯ ಮೂಟೆ ಕಟ್ಟಲೆಂದು ಇಟ್ಟಿದ್ದ ಹೊಸ ಹಗ್ಗ ತರಿಸಿದಳು. ಭಾನುವಾರವಾದರೂ ಅವರು ಬೀಗ ತೆಗೆದು ತಂದುಕೊಟ್ಟರು. ಸ್ಟೂಲು ಹತ್ತಿ ಅವಳು ಕಟ್ಟಿದ ಗಂಟುಗಳನ್ನು ನೋಡಿದ್ದರೆ ಲಂಗರು ಹಾಕುವ ನಾವಿಕರೂ ಸಾಕು ತಾಯೀ ಎನ್ನುತ್ತಿದ್ದರು. ತನ್ನ ಮೆತ್ತಗಿನ ಹಳೆಯ ಸೀರೆಯನ್ನು ಮಡಿಸಿ ಜೋಲಿ ಮಾಡಿದಳು. ಗುಂಡಪ್ಪನನ್ನು ಯಾರೋ ಎತ್ತಿಕೊಂಡು ಬಂದಾಗ, 'ಅವ ಬ್ಯಾಡ' ಎಂದು ಕೈಯಾಡಿಸಿ, ನಾವೆಲ್ಲ ಬಾಯಿ ಬಿಟ್ಟು ನೋಡುತ್ತಿರುವಾಗಲೇ ತಾನೇ ಜೋಲಿಯೊಳಗೆ ಕೂತುಬಿಟ್ಟಳು.

'ತೂಗನಾ ತಮ್ಮಾ' ಎಂದಳು ಮಾವನಿಗೆ. 'ಜೋರಾಗಿ ತೂಗು.'

ಮಾವ ಕಣ್ಣೊರೆಸಿಕೊಂಡು ತೂಗಿದ. ಜಂತಿ ಕಿರ್ರೆಂದಿತು, ಹಗ್ಗ ಬಿಗಿಯಿತು, ನನ್ನ ಆಯಿ ಕಾಲು ಮಡಚಿಕೊಂಡು ಹಿಂದಕ್ಕೂ ಮುಂದಕ್ಕೂ ಹೋಗಿ ಬಂದಳು. ಯಾರೋ ಹಾಡು ಎತ್ತಿಕೊಂಡರು. ಚೆನ್ನಬಸಪ್ಪನವರ ಹೆಂಡತಿಯಂತೂ ನಗುತ್ತ ನಗುತ್ತ ಅಳುತ್ತಿದ್ದರು. ಹಗ್ಗ ಹರಿಯಲಿಲ್ಲ. ಆಯಿ ಇಳಿದು, ಗಂಟುಗಳನ್ನು ಇನ್ನೊಮ್ಮೆ ಜಗ್ಗಿ ನೋಡಿ, ಸೊಸೆಯ ಕಡೆಗೆ ಎರಡೂ ಕೈ ಚಾಚಿದಳು. ಭಾಗೀರಥಿ ಕೂಸನ್ನು ಕೊಟ್ಟಳು.

ಅಳುತ್ತಿದ್ದ ಕೂಸು ಜೋಲಿಗೆ ಹಾಕಿದ ಸ್ವಲ್ಪ ಹೊತ್ತಿಗೇ ಬಾಯಿ ಮುಚ್ಚಿತು, ಆಮೇಲೆ ಕಣ್ಣು ಮುಚ್ಚಿತು. ಸಾಹೇಬರ ಕೋಟೆಯಲ್ಲಿ ಅಂದಿನ ಊಟದ ಬಾಳೆಲೆಗಳನ್ನು ಒಟ್ಟಿದೆವು. ಅದಕ್ಕೆ ಬಹಳ ಒಳ್ಳೆಯ ಸಾಮಾನು ಅದು, ಒಂದೆಲೆಯೂ ಬೀಳಲಿಲ್ಲ. ಎಲೆ ಹಾಕಿ, ಪಂಕ್ತಿ ಕೂತು, ಬಡಿಸತೊಡಗಿದರೂ ಆಯಿ ಜೋಲಿಯ ಪಕ್ಕದಿಂದ ಕದಲಲಿಲ್ಲ. ಕೂಸು ಮಲಗಿ ಬಹಳ ಹೊತ್ತಾಯಿತು, ಇನ್ನು ತೂಗುವುದನ್ನು ಬಿಟ್ಟು ಊಟಕ್ಕೆ ಬಾ ಎಂದು ನಾನು ಕರೆದೆ.

'ನಿಂಗ ಎಲ್ಲಾ ಉಂಡ್ಕಳಿ ತಮಾ' ಎಂದಳು ಆಯಿ, ಕೈ ನಿಲ್ಲಿಸದೆ. 'ಯಂಗೆ ಇಷ್ಟು ವರ್ಷದ್ದು ತೂಗೋದು ಬಾಕಿ ಇದ್ದು.'